ಎಡಗಣ್ಣಿನ ಗುರಿ

ಒಮಾನಿನ ಅಲ್ ಖುವೈರ್ ಬಡಾವಣೆಯ ಕನ್ನಡಕದ ಅಂಗಡಿಯಲ್ಲಿ ಪ್ರಿನ್ಸಿ ಲೋಬೊ ಕಣ್ಣು ಪರೀಕ್ಷೆ ಮಾಡಲು ಶುರುಮಾಡಿ ಹದಿನೇಳು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಗಿರಾಕಿಗಳು ಅವಳ ಮುಂದೆ ಇಟ್ಟ ಬೇಡಿಕೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಪೇಪರು ಓದಬೇಕು, ಕಂಪ್ಯೂಟರ್ ಕಾಣಬೇಕು, ಹೈವೇಯಲ್ಲಿ ಎದುರಿನ ಗಾಡಿಯ ದೀಪ ಕುಕ್ಕಬಾರದು. ಕಾಡುಹಂದಿಗೆ ಗುರಿಯಿಡಲು ಕನ್ನಡಕ ಬೇಕೆಂದು ಬಂದವರು ಹಮೂದ್ ಒಬ್ಬರೇ.

ಮೇ ತಿಂಗಳ ಮೊದಲ ವಾರ ಮಗಳು ಶಂಸಾ ಅವರನ್ನು ಕರೆತಂದಳು. ಶಂಸಾ ಹಿಂದಿನ ರಸ್ತೆಯ ಸಚಿವಾಲಯವೊಂದರಲ್ಲಿ ಅಧಿಕಾರಿ. ಇಬ್ಬರು ಮಕ್ಕಳ ಕನ್ನಡಕವನ್ನೂ ಪ್ರಿನ್ಸಿಯ ಹತ್ತಿರವೇ ಮಾಡಿಸುತ್ತಿದ್ದಳು. ತಂದೆಯನ್ನು ಕುರ್ಚಿಯಲ್ಲಿ ಕೂರಿಸಿ, ಇವರಿಗೆ ಏನು ಬೇಕೋ ಇವರೇ ಹೇಳುತ್ತಾರೆ, ನನ್ನ ಬಾಯಿಂದ ಹೇಳಲು ನಾಚಿಕೆ ಎಂದು ನಗುತ್ತಾ ಮುಖ ತಿರುಗಿಸಿ ನಿಂತಳು.

ಹಮೂದರಿಗೆ ಅರವತ್ತೊಂಬತ್ತು. ತೆಳ್ಳಗಿನ, ನೆಟ್ಟಗೆ ಕೂರುವ ಮನುಷ್ಯ. ಹುಟ್ಟಿದ್ದು ಆಫ್ರಿಕಾದ ಕರಾವಳಿಯಲ್ಲಿ. ಹದಿನಾರನೆಯ ವಯಸ್ಸಿನಲ್ಲಿ ಮನೆಯವರೆಲ್ಲ ಒಮಾನಿಗೆ ಮರಳಿದಾಗ ಜೊತೆಗೆ ಬಂದವರು. ಅಲ್ಲಿನ ಗುಜರಾತಿ ಅಂಗಡಿಗಳಲ್ಲಿ ಕಲಿತ ಹಿಂದಿ ಇನ್ನೂ ಚೆನ್ನಾಗಿತ್ತು, ಪ್ರಿನ್ಸಿಯ ಜೊತೆ ಅದರಲ್ಲೇ ಮಾತನಾಡಿದರು. ಅವರ ಚಿಕ್ಕಪ್ಪನ ಮಗ ಈಗಲೂ ತಾಂಜಾನಿಯಾದಲ್ಲಿ ಮರಗೆಣಸು, ಜೋಳ ಬೆಳೆಯುತ್ತಾನೆ. ಹಂದಿಗಳ ಹಾವಳಿಗೆ ಬೆಳೆ ಅರ್ಧವೂ ಕೈಗೆ ಸಿಗುತ್ತಿಲ್ಲ. ಅಲ್ಲಿನ ಅರಣ್ಯ ಕಚೇರಿ ಈ ವರ್ಷ ಹೊಡೆಯಲು ಅನುಮತಿ ಕೊಟ್ಟಿದೆ. ಹಮೂದರ ತಂದೆಯ ರೈಫಲ್ ಮನೆಯಲ್ಲಿ ಲೈಸೆನ್ಸಿನ ಸಮೇತ ಇದೆ, ಅದನ್ನು ಒಯ್ಯಲು ಎರಡೂ ದೇಶದ ಕಾಗದಪತ್ರ ತಯಾರಾಗಿದೆ. ಜೂನ್ ಕೊನೆಯಲ್ಲಿ ಹೊರಡುವುದು. ಎಲ್ಲವೂ ಸರಿ, ಗುರಿ ಮಾತ್ರ ಕಾಣುತ್ತಿಲ್ಲ.

ಯಾರೇ ಬಂದರೂ ಪ್ರಿನ್ಸಿ ಮೊದಲು ಕೇಳುವುದು ಎರಡೇ ಪ್ರಶ್ನೆ: ಏನು ನೋಡಬೇಕು, ಎಷ್ಟು ದೂರದಲ್ಲಿ ನೋಡಬೇಕು. ಇವರಿಗೂ ಅದನ್ನೇ ಕೇಳಿದಳು. ಹಮೂದರು ಸಂತೋಷದಿಂದ ಬಿಲ್ಲಿನ ಹಿಂಬದಿಯಲ್ಲಿ ಚಿತ್ರ ಬಿಡಿಸಿದರು. ಟ್ರಿಗರಿನ ಸುತ್ತ ಒಂದು ಬಳೆಯಂಥ ಹಿಡಿ. ಅದನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆದರೆ ಖಾಲಿ ತೋಟೆ ಮೇಲಕ್ಕೆ ಹಾರಿ ಹೊಸದು ಒಳಗೆ ಕೂರುತ್ತದೆ. ನಳಿಗೆಯ ತುದಿಯಲ್ಲಿ ಒಂದು ಹಿತ್ತಾಳೆಯ ಮಣಿ. ಕಣ್ಣಿಗೆ ಹತ್ತಿರದಲ್ಲಿ, ನಳಿಗೆಯ ಮೇಲೆಯೇ, ಸಣ್ಣ ಕಚ್ಚು ಇರುವ ಒಂದು ತಗಡು. ಕಚ್ಚಿನೊಳಗೆ ಮಣಿಯನ್ನು ಕೂರಿಸಿ, ಮಣಿಯ ಮೇಲೆ ಹಂದಿಯನ್ನು ಕೂರಿಸಬೇಕು. ಹುಡುಗನಾಗಿದ್ದಾಗ ಮೂರೂ ಒಟ್ಟಿಗೆ ಕಾಣುತ್ತಿದ್ದವು. ಈಗ ಕಚ್ಚು ಮಸುಕು, ಮಣಿ ಎರಡಾಗಿ ಕಾಣುತ್ತದೆ, ಹಂದಿಯ ಮಾತು ದೂರವೇ ಉಳಿಯಿತು.

ಅಳಿಯ ಒಂದು ದುರ್ಬೀನು ತಂದುಕೊಟ್ಟಿದ್ದಾನೆ, ಕೋವಿಯ ಮೇಲೆ ಕೂರಿಸುವಂಥದ್ದು. ಒಳ್ಳೆಯ ಸಾಮಾನೇ. ಆದರೆ ಅಲ್ಲಿಯ ಪೊದೆಯಲ್ಲಿ ಅದರಿಂದ ಪ್ರಯೋಜನವಿಲ್ಲವೆಂದು ಹಮೂದ್ ತಾಳ್ಮೆಯಿಂದ ವಿವರಿಸಿದರು. ಪೊದೆ ಅಂದರೆ ಎದೆಮಟ್ಟದ ಮುಳ್ಳು, ಅದರ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಮತ್ತೆ ಬಳ್ಳಿ. ಹಂದಿ ಕಾಣುವುದು ಇಪ್ಪತ್ತು ಮೂವತ್ತು ಹೆಜ್ಜೆಯಲ್ಲಿ, ಅದೂ ಎರಡೇ ಉಸಿರು. ದುರ್ಬೀನಿನಲ್ಲಿ ಕಣ್ಣಿಟ್ಟರೆ ಒಂದು ಎಲೆ ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತದೆ, ಹಂದಿ ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಅದು ಊರು ದಾಟಿರುತ್ತದೆ. ಅಲ್ಲದೆ ಈ ಕೋವಿ ಖಾಲಿ ತೋಟೆಯನ್ನು ಮೇಲಕ್ಕೆ ಉಗುಳುತ್ತದೆ. ಮೇಲೆಯೇ ದುರ್ಬೀನು ಕೂತಿದ್ದರೆ ತೋಟೆ ಹೋಗುವುದೆಲ್ಲಿಗೆ?

ಪ್ರಿನ್ಸಿಗೆ ಕೋವಿಯ ಬಗ್ಗೆ ಏನೂ ಗೊತ್ತಿರಲಿಲ್ಲ. ಆದರೆ ಮೂರು ದೂರದ ಮೂರು ವಸ್ತುಗಳನ್ನು ಒಂದೇ ಸಲ ಸ್ಪಷ್ಟವಾಗಿ ನೋಡಲು ವಯಸ್ಸಾದ ಕಣ್ಣಿಗೆ ಸಾಧ್ಯವಿಲ್ಲ ಎಂಬುದು ಗೊತ್ತಿತ್ತು. ಅವಳು ದೀಪ ಆರಿಸಿ ಪರೀಕ್ಷೆಗೆ ಕುಳಿತಳು.

ಎಡಗಣ್ಣಿನಲ್ಲಿ ಅವರು ಕೊನೆಯಿಂದ ಎರಡನೆಯ ಸಾಲಿನವರೆಗೆ ಓದಿದರು. ಬಲಗಣ್ಣಿನಲ್ಲಿ ಮಧ್ಯದ ಸಾಲಿಗೇ ತಡವರಿಸಿದರು. ಪ್ರಿನ್ಸಿ ನಡುವೆ ಸೂಜಿಯಷ್ಟೇ ತೂತಿರುವ ಕರಿ ತಟ್ಟೆಯನ್ನು ಬಲಗಣ್ಣಿನ ಮುಂದೆ ಹಿಡಿದಳು. ದೋಷ ಬರೀ ನಂಬರಿನದಾಗಿದ್ದರೆ ಆ ತೂತಿನಲ್ಲಿ ನೋಡಿದ ಕೂಡಲೇ ಅಕ್ಷರ ತಿಳಿಯಾಗುತ್ತದೆ. ಆಗಲಿಲ್ಲ. ಬೆಳಕಿನ ಕಡ್ಡಿ ಹಿಡಿದು ಪಾಪೆಯೊಳಗೆ ನೋಡಿದರೆ ಕೆಂಪು ಹೊಳಪಿನ ನಡುವೆ ಮೋಡದ ಚೂರಿನಂಥ ನೆರಳು. ಪೊರೆ ಬೆಳೆಯುತ್ತಿತ್ತು.

ಅವಳು ಇನ್ನೂ ಏನೂ ಹೇಳಿರಲಿಲ್ಲ. ಅಷ್ಟರಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ಕರೆ ಕೇಳಿಸಿತು. ಹಮೂದರು ಎದ್ದು, ದಕ್ತೂರಾ, ಹತ್ತು ನಿಮಿಷ ಎಂದು ಹೇಳಿ ಪಕ್ಕದ ಮಸೀದಿಗೆ ನಡೆದರು. ತಾನು ಡಾಕ್ಟರಲ್ಲ ಎಂದು ತಿದ್ದಲು ಪ್ರಿನ್ಸಿಗೆ ಸಮಯ ಸಿಗಲಿಲ್ಲ.

ಶಂಸಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ತಂದೆಯ ಜೊತೆ ಇದ್ದಾಗಿನ ನಗು ಈಗ ಅವಳ ಮುಖದಲ್ಲಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ತಂದೆ ತನ್ನ ಜೊತೆಗೇ ಇದ್ದಾರೆ, ಕಳೆದ ವರ್ಷ ಮೆಟ್ಟಿಲಲ್ಲಿ ಎಡವಿ ಬಿದ್ದಿದ್ದರು, ಈಗ ಕಾಡಿಗೆ ಹೋಗಿ ಕೋವಿ ಹಿಡಿಯುತ್ತಾರಂತೆ. ತಾನು, ಗಂಡ, ಚಿಕ್ಕಮ್ಮಂದಿರು ಎಲ್ಲರೂ ಹೇಳಿ ನೋಡಿದ್ದಾಗಿದೆ. ಯಾರ ಮಾತನ್ನೂ ಕೇಳುವವರಲ್ಲ.

"ನೀವು ಹೇಳಿದರೆ ಕೇಳುತ್ತಾರೆ," ಎಂದಳು. "ಎರಡೂ ಕಣ್ಣು ಕೆಟ್ಟಿದೆ, ಕನ್ನಡಕದಿಂದ ಏನೂ ಆಗುವುದಿಲ್ಲ ಎಂದು ಹೇಳಿಬಿಡಿ. ಅಷ್ಟೇ ಸಾಕು."

ಪ್ರಿನ್ಸಿ ಬೆಳಕಿನ ಕಡ್ಡಿಯನ್ನು ಪೆಟ್ಟಿಗೆಯೊಳಗೆ ಇಟ್ಟಳು. ಅರ್ಧ ಶಂಸಾ ಹೇಳಿದಂತೆಯೇ ಇತ್ತು. ಬಲಗಣ್ಣು ನಿಜವಾಗಿ ಕೆಟ್ಟಿತ್ತು. ಹಮೂದರು ಮಸೀದಿಯಿಂದ ಬಂದಾಗ, ಲೆಕ್ಕ ಇನ್ನೊಮ್ಮೆ ನೋಡಬೇಕು, ಶನಿವಾರ ಬನ್ನಿ ಎಂದು ಹೇಳಿ ಕಳಿಸಿದಳು.

ಆ ಸಂಜೆ ದಾರ್ಸೈಟಿನ ಫ್ಲ್ಯಾಟಿನಲ್ಲಿ ಅವಳು ಗಂಡ ಫ್ರೆಡ್ಡಿಗೆ ಎಲ್ಲವನ್ನೂ ಹೇಳಿದಳು. ಫ್ರೆಡ್ಡಿ ಬಂಗುಡೆ ಸಾರಿಗೆ ಹುಣಸೆ ಕಿವುಚುತ್ತಿದ್ದ. ಶುಕ್ರವಾರದ ರಜೆಯ ಹಿಂದಿನ ದಿನದ ಅಡುಗೆ ಯಾವಾಗಲೂ ಅವನದೇ. ಅವನ ಪ್ರಕಾರ ಮಗಳು ಹೇಳುವುದರಲ್ಲಿ ತಪ್ಪಿಲ್ಲ. ಎಪ್ಪತ್ತರ ಹತ್ತಿರದ ಮನುಷ್ಯ, ಪರದೇಶ, ಕಾಡು. ಏನಾದರೂ ಆದರೆ ಆ ಕನ್ನಡಕ ಮಾಡಿಕೊಟ್ಟವಳು ಯಾರು ಎಂದು ಅವರ ಮನೆಯವರು ಜೀವಮಾನವಿಡೀ ನೆನೆಯುತ್ತಾರೆ. ಹುಣಸೆಯ ನೀರನ್ನು ಸಾರಿಗೆ ಸುರಿದು, "ಆದ್ರೆ ನೀನು ಕಣ್ಣು ನೋಡುವವಳು. ಅವರ ಮನೆ ನೋಡುವವಳಲ್ಲ," ಎಂದ.

ಪ್ರಿನ್ಸಿಗೆ ತನ್ನ ತಂದೆ ನೆನಪಾದರು. ಊರಿನಲ್ಲಿ, ಶಿರ್ವದ ಚರ್ಚಿನ ರಸ್ತೆಯಲ್ಲಿ ಅವರಿಗೆ ದರ್ಜಿ ಅಂಗಡಿಯಿತ್ತು. ಐವತ್ತೈದಕ್ಕೆ ಸೂಜಿಗೆ ದಾರ ಪೋಣಿಸಲು ಕಷ್ಟವಾದಾಗ ಕಂಡಕಂಡವರೆಲ್ಲ ಹೇಳಿದ್ದು ಒಂದೇ ಮಾತು, ವಯಸ್ಸಾಯಿತು, ಇನ್ನು ಬಿಡಿ. ಅವರ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ಅವರು ಎರಡು ವರ್ಷ ಮಿಷನ್ನಿಗೆ ಬಟ್ಟೆ ಹೊದಿಸಿ ಜಗಲಿಯಲ್ಲಿ ಕೂತರು. ಪ್ರಿನ್ಸಿ ಕಣ್ಣಿನ ಕೋರ್ಸಿಗೆ ಸೇರಿದ ಮೊದಲ ರಜೆಯಲ್ಲಿ ಮನೆಗೆ ಬಂದು ನೋಡಿದರೆ ಬೇಕಾಗಿದ್ದದ್ದು ಎರಡೂವರೆ ನಂಬರಿನ ಕನ್ನಡಕ ಮತ್ತು ಎಡಗಡೆಯಿಂದ ಬೀಳುವ ಒಂದು ದೀಪ, ಅಷ್ಟೇ. ಆಮೇಲೆ ಅವರು ಎಂಟು ವರ್ಷ ಹೊಲಿದರು. ಅವಳ ಮದುವೆಯ ರವಿಕೆಯನ್ನೂ ಅವರೇ ಹೊಲಿದದ್ದು. ಸುಮ್ಮನೆ ಕೂತಿದ್ದ ಆ ಎರಡು ವರ್ಷದ ಬಗ್ಗೆ ಅವರು ಯಾರನ್ನೂ ದೂರಿರಲಿಲ್ಲ. ಪ್ರಿನ್ಸಿ ಮಾತ್ರ ಅದನ್ನು ಮರೆತಿರಲಿಲ್ಲ.

ಶನಿವಾರ ಹಮೂದರು ಬಂದರು, ಶಂಸಾಳೂ ಬಂದಳು. ಪ್ರಿನ್ಸಿ ಕಣ್ಣಿನ ಒಂದು ದೊಡ್ಡ ಚಿತ್ರವನ್ನು ಮುಂದಿಟ್ಟುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಲಗಣ್ಣಿನಲ್ಲಿ ಪೊರೆ ಇದೆ, ಯಾವ ಕನ್ನಡಕದಿಂದಲೂ ಹೋಗುವುದಿಲ್ಲ, ಆಸ್ಪತ್ರೆಯಲ್ಲಿ ತೆಗೆಸಬೇಕು. ತೆಗೆಸಿ, ಕಣ್ಣು ಹದಕ್ಕೆ ಬರಲು ತಿಂಗಳುಗಳು ಬೇಕು. ಆ ಕಣ್ಣಿನಿಂದ ಈ ಜೂನಿನಲ್ಲಿ ಯಾವುದಕ್ಕೂ ಗುರಿಯಿಡಬಾರದು. ಶಂಸಾ ತಲೆಯಾಡಿಸುತ್ತಿದ್ದಳು.

ಹಮೂದರು ಚಿತ್ರವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ನೋಡಿದರು. ಆಮೇಲೆ ಕೇಳಿದರು.

"ಎಡಗಣ್ಣು?"

ಪ್ರಿನ್ಸಿ ಶಂಸಾಳ ಕಡೆ ನೋಡಲಿಲ್ಲ. "ಎಡಗಣ್ಣು ಚೆನ್ನಾಗಿದೆ," ಎಂದಳು. "ನಿಮ್ಮ ವಯಸ್ಸಿಗೆ ಬಹಳ ಚೆನ್ನಾಗಿದೆ. ಕೋವಿಯನ್ನು ಎಡ ಭುಜಕ್ಕೆ ಇಟ್ಟುಕೊಳ್ಳಲು ಬರುತ್ತದೋ ಇಲ್ಲವೋ ಅದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ."

ಶಂಸಾ ಚೀಲ ಎತ್ತಿಕೊಂಡು, ಕಾರಿನಲ್ಲಿ ಕಾಯುತ್ತೇನೆ ಎಂದು ಅರಬ್ಬಿಯಲ್ಲಿ ತಂದೆಗೆ ಹೇಳಿ ಹೊರಗೆ ಹೋದಳು. ಗಾಜಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಹಮೂದರು ಬಲಗೈಯನ್ನು ಎಡ ಭುಜದ ಮೇಲೆ ಇಟ್ಟುಕೊಂಡು, ಆ ಭುಜ ತನ್ನದೇ ಹೌದೋ ಎಂದು ನೋಡುವವರಂತೆ ಒತ್ತಿ ನೋಡಿದರು. ಐವತ್ತು ವರ್ಷ ಬಲ ಭುಜಕ್ಕೆ ಇಟ್ಟವರು. ಬೇರೆ ಜಾತಿಯ ರೈಫಲಾದರೆ ಬಲಗೈಯವರಿಗೆಂದೇ ಮಾಡಿದ್ದು, ಎಡಗೈಯವನು ಒದ್ದಾಡಬೇಕು. ಈ ಬಳೆ ಹಿಡಿಯ ಕೋವಿಗೆ ಮಾತ್ರ ಎಡ ಬಲ ಎಂಬ ಭೇದವಿಲ್ಲ, ಹಿಡಿ ನಡುವೆಯೇ ಇರುತ್ತದೆ. ತಂದೆಯ ಜೊತೆ ಬೇಟೆಗೆ ಬರುತ್ತಿದ್ದ ಒಬ್ಬ ಆಳು ಎಡಚನೇ ಆಗಿದ್ದ, ಅವನ ಗುರಿ ಎಲ್ಲರಿಗಿಂತ ಮೇಲು. ಹೀಗೆ ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾ ಹೋದಂತೆ ಅವರ ಮುಖ ಸ್ವಲ್ಪ ಸ್ವಲ್ಪವೇ ತಿಳಿಯಾಯಿತು.

ಆದರೆ ಕಚ್ಚಿನ ಸಮಸ್ಯೆ ಹಾಗೆಯೇ ಇತ್ತು. ಎಡಗಣ್ಣಿಗೂ ಅರವತ್ತೊಂಬತ್ತೇ ವಯಸ್ಸು. ಮೂರರಲ್ಲಿ ಒಂದನ್ನು ಬಿಡಲೇಬೇಕು. ಬಿಡುವುದು ಯಾವುದನ್ನು ಎಂದು ಯೋಚಿಸುತ್ತಿದ್ದಾಗ ಪ್ರಿನ್ಸಿಯ ಕೈ ಮೇಜಿನ ಮೇಲಿದ್ದ ಕರಿ ತಟ್ಟೆಯ ಮೇಲಿತ್ತು. ತೂತಿನ ಮೂಲಕ ನೋಡುವಾಗ ಯಾರೂ ತೂತನ್ನು ನೋಡುವುದಿಲ್ಲ. ಕಣ್ಣು ತಾನಾಗಿ ಅದರ ನಡುವನ್ನು ಹಿಡಿಯುತ್ತದೆ. ಕಚ್ಚಿನ ಜಾಗದಲ್ಲಿ, ಕಣ್ಣಿಗೆ ಇನ್ನೂ ಹತ್ತಿರ, ಒಂದು ತೂತಿದ್ದರೆ? ಅವಳು ಹಿಂಜರಿಯುತ್ತಲೇ ಕೇಳಿದಳು. ಹಮೂದರು ಕುರ್ಚಿಯಿಂದ ಅರ್ಧ ಎದ್ದರು. ಅಂಥದ್ದು ಇದೆಯಂತೆ, ಉಂಗುರದ ಗುರಿ. ಪಂದ್ಯದಲ್ಲಿ ಕಾಗದಕ್ಕೆ ಹೊಡೆಯುವವರು ಹಾಕಿಸುತ್ತಾರೆ. ಆದರೆ ಅದರ ತೂತು ಎಷ್ಟು ಸಣ್ಣದೆಂದರೆ ಪೊದೆಯ ನೆರಳಿನಲ್ಲಿ ಕತ್ತಲು ಬಿಟ್ಟು ಬೇರೇನೂ ಕಾಣುವುದಿಲ್ಲ.

ತೂತು ದೊಡ್ಡದು ಮಾಡಿದರೆ ಆಯಿತು, ಎಷ್ಟು ದೊಡ್ಡದೆಂದು ನೋಡೋಣ, ಎಂದಳು ಪ್ರಿನ್ಸಿ.

ಮುಂದಿನ ಬುಧವಾರ ಮಧ್ಯಾಹ್ನ ಅಂಗಡಿಯ ಬಿಡುವಿನ ಹೊತ್ತಿನಲ್ಲಿ ಶಟರ್ ಅರ್ಧ ಇಳಿಸಿ ಅವರು ನೋಡಿದರು. ಹೊರಗೆ ನಲವತ್ತಮೂರು ಡಿಗ್ರಿ. ಹಮೂದರು ಮಗಳಿಗೆ ಹೇಳದೆ ಟ್ಯಾಕ್ಸಿಯಲ್ಲಿ ಬಂದಿದ್ದರು. ಪ್ರಿನ್ಸಿ ಮನೆಯಿಂದ ಪರದೆಯ ಒಂದು ಹಳೆಯ ಸರಳು ತಂದಿದ್ದಳು. ಅವರ ಕೋವಿಯಲ್ಲಿ ಕಣ್ಣಿನಿಂದ ಮಣಿಗೆ ಎಷ್ಟು ದೂರವೋ ಅಷ್ಟಕ್ಕೆ ಸರಿಯಾಗಿ ಕತ್ತರಿಸಿ, ತುದಿಗೆ ಒಂದು ಮಣಿ ಅಂಟಿಸಿದ್ದಳು. ಕಣ್ಣಿನ ಹತ್ತಿರ ರಟ್ಟಿನ ಬಿಲ್ಲೆಗಳನ್ನು ಸಿಕ್ಕಿಸಲು ಒಂದು ಕ್ಲಿಪ್ಪು. ಎರಡು, ಮೂರೂವರೆ, ಐದು, ಏಳು ಮಿಲಿಮೀಟರಿನ ತೂತುಗಳಿರುವ ನಾಲ್ಕು ಬಿಲ್ಲೆಗಳು.

ಪೊದೆಯಾಗಿ ಕನ್ನಡಕದ ಸ್ಟ್ಯಾಂಡುಗಳು ಇದ್ದವು. ಹಂದಿಯಾಗಲು ಇರ್ಫಾನಾ ಒಪ್ಪಿದಳು. ಇರ್ಫಾನಾ ಉಳ್ಳಾಲದವಳು, ಮಾರಾಟದ ಕೌಂಟರಿನಲ್ಲಿ ಪ್ರಿನ್ಸಿಯ ಜೊತೆ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದವಳು. ಹಂದಿ ಎಂದ ಕೂಡಲೇ ಮೊದಲು ಅವಳು ಮುಖ ಸಿಂಡರಿಸಿದಳು. "ನಾನು ಕುಷನ್ ಹಿಡ್ಕೊಳ್ತೇನೆ, ಹಂದಿ ಅದು, ನಾನಲ್ಲ. ಹಾಗಾದ್ರೆ ಅಡ್ಡಿಲ್ಲ," ಎಂದು ಷರತ್ತು ಹಾಕಿ, ಸೋಫಾದ ಕಪ್ಪು ಕುಷನ್ ಹಿಡಿದು ಸ್ಟ್ಯಾಂಡುಗಳ ಹಿಂದೆ ಬಗ್ಗಿಕೊಂಡು ಓಡಾಡಿದಳು. ಕುಷನ್ ಇಣುಕಿದಾಗ ಹಮೂದರು ಸರಳನ್ನು ಎಡ ಭುಜಕ್ಕೆ ಎತ್ತಿ, ಮಣಿ ಅದರ ಮೇಲೆ ಕೂತ ಕ್ಷಣ ನಾಲಿಗೆಯಿಂದ ಟಕ್ಕೆಂದು ಸದ್ದು ಮಾಡಬೇಕು. ಪ್ರಿನ್ಸಿ ಮೊಬೈಲಿನಲ್ಲಿ ಸೆಕೆಂಡು ಎಣಿಸಿದಳು.

ಎರಡರ ತೂತಿನಲ್ಲಿ ಮಣಿ ಬಹಳ ಸ್ಪಷ್ಟ, ಆದರೆ ಒಳಗಿನ ದೀಪ ಆರಿಸಿದಾಗ ಕುಷನ್ ಮಾಯವಾಯಿತು. ಮೂರೂವರೆಯಲ್ಲಿ ಸಿಕ್ಕಿತು, ತಡವಾಗಿ. ಏಳರಲ್ಲಿ ಎಲ್ಲವೂ ಕಂಡಿತು, ಮಣಿ ಮಾತ್ರ ತೂತಿನೊಳಗೆ ಮನೆ ಕಾಣದ ಕೋಳಿಯ ಹಾಗೆ ಅತ್ತಿತ್ತ ಅಲೆಯಿತು. ಐದರಲ್ಲಿ ಅವರು ಸರಳನ್ನು ಎತ್ತಿದ್ದೇ ಟಕ್ ಎಂದರು. ಮತ್ತೆ ಟಕ್. ಮತ್ತೆ. ರಟ್ಟಿನ ಅಂಚನ್ನು ಬ್ಲೇಡಿನಿಂದ ಕೆರೆದು ದಾರದಷ್ಟು ತೆಳ್ಳಗೆ ಮಾಡಿದ ಮೇಲಂತೂ ಉಂಗುರ ಇದೆಯೆಂಬುದೇ ತಿಳಿಯುತ್ತಿಲ್ಲ, ಬರೀ ಮಣಿ ಮತ್ತು ಹಂದಿ ಎಂದರು. ಎರಡೂ ಕಣ್ಣು ತೆರೆದಿಟ್ಟುಕೊಂಡೇ ನೋಡಿ, ಸುತ್ತಲಿನದೂ ಕಾಣಲಿ, ಎಂದಳು ಪ್ರಿನ್ಸಿ. ಅದಕ್ಕೆ ಅವರು ಸ್ವಲ್ಪ ಒದ್ದಾಡಿದರು. ಆಮೇಲೆ ಅದೂ ಬಂತು.

ಅಂಗಡಿಯ ಮಾಲೀಕ, ಪ್ರಿನ್ಸಿಯ ಊರ ಕಡೆಯವರೇ ಆದ ಶರ್ಫುದ್ದೀನ್ ಊಟ ಮುಗಿಸಿ ಶಟರಿನ ಕೆಳಗೆ ನುಸುಳಿ ಬಂದದ್ದು ಆಗಲೇ. ಗೌರವಸ್ಥ ಒಮಾನಿಯೊಬ್ಬರು ಪರದೆಯ ಸರಳನ್ನು ಒಳಬಂದ ತಮ್ಮ ಎದೆಗೇ ಗುರಿಯಿಟ್ಟು ನಿಂತಿರುವುದನ್ನು ನೋಡಿ ಅವರು ಅಲ್ಲೇ ನಿಂತರು.

"ಎಂತ ಬಾಯಮ್ಮ ಇದು?" ಎಂದರು ಮೆಲ್ಲಗೆ.

"ಕಣ್ಣು ಪರೀಕ್ಷೆ, ಶರ್ಫುದ್ದೀನ್ ಭಾಯ್," ಎಂದಳು ಪ್ರಿನ್ಸಿ. "ಮುಗೀತಾ ಬಂತು."

ಅವರು ಒಂದು ನಿಮಿಷ ನೋಡಿದರು. ಆಮೇಲೆ ತಾವೇ ಇರ್ಫಾನಾಳಿಂದ ಕುಷನ್ ತೆಗೆದುಕೊಂಡು, ಈ ಕಡೆಯಿಂದ ಓಡಿದ್ರೆ ಹೇಗೆ ಅಂತ ನೋಡುವಾ ಎಂದು ಸನ್‌ಗ್ಲಾಸಿನ ಸ್ಟ್ಯಾಂಡಿನ ಹಿಂದೆ ಹೋದರು. ಅರವತ್ತು ದಾಟಿದ ಆ ದಪ್ಪ ಮನುಷ್ಯ ಬಗ್ಗಿ ಓಡಿದ ಮೂರೂ ಸಲ ಹಮೂದರು ತಪ್ಪದೆ ಹಿಡಿದರು. ನಾಲ್ಕನೆಯ ಸಲ ಇಬ್ಬರೂ ನಗುತ್ತಾ ಕುರ್ಚಿ ಹಿಡಿದು ಕುಳಿತುಬಿಟ್ಟರು. ಇರ್ಫಾನಾ ಎಲ್ಲರಿಗೂ ಲಬಾನ್ ತಂದುಕೊಟ್ಟಳು. ತಣ್ಣಗಿನ ಆ ಮಜ್ಜಿಗೆ ಕುಡಿಯುವಾಗಲೂ ಹಮೂದರು ಸರಳನ್ನು ಮಡಿಲಿನಿಂದ ಇಳಿಸಿರಲಿಲ್ಲ.

ಉಳಿದದ್ದು ಕನ್ನಡಕ. ಪ್ರಿನ್ಸಿ ಅದಕ್ಕೆ ಎರಡು ದಿನ ತೆಗೆದುಕೊಂಡಳು. ಕೋವಿಯ ಹಿಡಿಗೆ ಕೆನ್ನೆ ಒತ್ತಿ ತಲೆ ಬಾಗಿಸಿದಾಗ ಕಣ್ಣು ಗಾಜಿನ ನಡುವಿನಿಂದ ನೋಡುವುದೇ ಇಲ್ಲ. ಮೂಗಿನ ಹತ್ತಿರದ ಮೇಲಿನ ಮೂಲೆಯಿಂದ ನೋಡುತ್ತದೆ. ಅಂಗಡಿಯಲ್ಲಿ ಕೊಡುವ ಮಾಮೂಲಿ ಕನ್ನಡಕ ಅಲ್ಲಿ ಕೈಕೊಡುತ್ತದೆ. ಅವಳು ಹಮೂದರನ್ನು ಸರಳಿನ ಜೊತೆ ನಿಲ್ಲಿಸಿ, ಖಾಲಿ ಗಾಜಿನ ಮೇಲೆ ಅವರ ಪಾಪೆ ಎಲ್ಲಿ ಬರುತ್ತದೋ ಅಲ್ಲಿ ಪೆನ್ನಿನಿಂದ ಚುಕ್ಕೆ ಇಟ್ಟಿದ್ದಳು. ಎಡ ಗಾಜಿನ ಕೇಂದ್ರವನ್ನು ಆ ಚುಕ್ಕೆಗೇ ತಂದಳು. ದೂರದ ನಂಬರಿಗೆ ಅರ್ಧ ನಂಬರು ಹೆಚ್ಚಿಗೆ ಸೇರಿಸಿದಳು. ಮಣಿ ಸ್ಪಷ್ಟವಾಗಿ, ಮೂವತ್ತು ಹೆಜ್ಜೆಯಾಚೆ ಇರುವುದು ಸಾಕಷ್ಟು ಸ್ಪಷ್ಟವಾಗಿ ಕಾಣಬೇಕು. ಗಾಜಿನ ಅಂಚನ್ನು ಮಿಷನ್ನಿನಲ್ಲಿ ತಾನೇ ನಿಂತು ಕೊಯ್ದಳು. ಎಷ್ಟೋ ವರ್ಷಗಳ ನಂತರ ಊಟದ ಹೊತ್ತು ಮರೆತು ಕೆಲಸ ಮಾಡಿದ್ದಳು. ಸಂಜೆ ಮನೆಗೆ ಹೋಗುವಾಗ ಬೆರಳುಗಳಲ್ಲಿ ಗಾಜಿನ ಪುಡಿ ಇತ್ತು, ತೊಳೆಯಲು ಮನಸ್ಸಾಗಲಿಲ್ಲ.

ಉಂಗುರವನ್ನು ಕೋವಿಗೆ ಕೂರಿಸಿದ್ದು ನಿಝ್ವಾ ಊರಿನ, ಪರವಾನಗಿ ಇರುವ ಒಬ್ಬ ಬಂದೂಕು ರಿಪೇರಿಯವನು. ಪ್ರಿನ್ಸಿ ಬರೆದುಕೊಟ್ಟ ಅಳತೆಯನ್ನು ನೋಡಿ ಅವನು ಇದನ್ನು ಲೆಕ್ಕ ಹಾಕಿದವರು ಯಾವ ಸೈನ್ಯದವರು ಎಂದು ಕೇಳಿದನಂತೆ. ಹಿತ್ತಾಳೆಯ ಮಣಿ ಬಿಸಿಲಿನಲ್ಲಿ ಒಂದು ಮಗ್ಗುಲು ಮಾತ್ರ ಮಿಂಚುತ್ತದೆ, ನೆರಳಿನಲ್ಲಿ ಎಲೆಯ ಬಣ್ಣಕ್ಕೆ ತಿರುಗುತ್ತದೆ ಎಂದು ಅದರ ಬದಲು ಬಿಳಿಯದನ್ನು ಹಾಕಿಕೊಟ್ಟ. ಜೂನಿನ ನಾಲ್ಕು ಶುಕ್ರವಾರ ಹಮೂದರು ಶೂಟಿಂಗ್ ಕ್ಲಬ್ಬಿನ ಮೈದಾನದಲ್ಲಿ ಬೆಳಿಗ್ಗೆ ಬೆಳಿಗ್ಗೆ ಎಡ ಭುಜದಿಂದ ಅಭ್ಯಾಸ ಮಾಡಿದರು. ಪ್ರತಿ ಸಲವೂ ಕಾಗದದ ಫೋಟೋ ಪ್ರಿನ್ಸಿಯ ಮೊಬೈಲಿಗೆ ಬರುತ್ತಿತ್ತು. ಮೊದಲ ವಾರದ ತೂತುಗಳು ಕಾಗದದ ನಾಲ್ಕೂ ಮೂಲೆಯಲ್ಲಿದ್ದವು. ನಾಲ್ಕನೆಯ ವಾರದವನ್ನು ಒಂದು ಕುಬೂಸ್ ರೊಟ್ಟಿಯಿಂದ ಮುಚ್ಚಬಹುದಿತ್ತು.

ಶಂಸಾಳಿಂದ ಮಾತ್ರ ಒಂದು ಮಾತೂ ಇಲ್ಲ. ಮಗಳ ಕನ್ನಡಕದ ಕಾಲು ಮುರಿದಾಗ ಅವಳು ಅದನ್ನು ಬೇರೆ ಅಂಗಡಿಗೆ ಒಯ್ದಳೆಂದು ಪ್ರಿನ್ಸಿಗೆ ಗೊತ್ತಾಯಿತು. ಹಮೂದರು ಹೊರಟ ದಿನ ಪ್ರಿನ್ಸಿ ಅವಳಿಗೆ ಒಂದು ಮೆಸೇಜ್ ಕಳಿಸಿದಳು: ನಾನು ಸುಳ್ಳು ಹೇಳಿದ್ದರೆ ಅವರು ನಂಬುತ್ತಿದ್ದರು, ಅದಕ್ಕೇ ಹೇಳಲಿಲ್ಲ. ಓದಿದ್ದಾಳೆಂದು ಎರಡು ನೀಲಿ ಗೆರೆಗಳು ತೋರಿಸಿದವು. ಉತ್ತರ ಬರಲಿಲ್ಲ. ಆ ಆರು ವಾರ ಪ್ರಿನ್ಸಿ ಭಾನುವಾರದ ಬದಲು ಶುಕ್ರವಾರ ನಡೆಯುವ ಇಲ್ಲಿನ ಚರ್ಚಿನ ಪೂಜೆಗೆ ಹೋದಾಗಲೆಲ್ಲ ಹಮೂದರ ಹೆಸರು ಹೇಳಿ ಒಂದು ಮೇಣದಬತ್ತಿ ಹಚ್ಚಿದಳು. ಫ್ರೆಡ್ಡಿ ಕೇಳಿದರೆ, ಸುಮ್ಮನೆ, ಎಂದಳು.

ಆಗಸ್ಟ್ ಎರಡನೆಯ ವಾರ ಅವರು ಬಂದರು, ಮಗಳ ಜೊತೆಗೆ. ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದರು. ಪ್ರಿನ್ಸಿಗೂ ಇರ್ಫಾನಾಳಿಗೂ ಲವಂಗದ ಒಂದೊಂದು ಪೊಟ್ಟಣ ತಂದಿದ್ದರು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಅವರು ಪರೀಕ್ಷೆಯ ಕುರ್ಚಿಯಲ್ಲೇ ಕುಳಿತು, ಮಗಳಿಗೂ ಇನ್ನೂ ಹೇಳಿಲ್ಲದ ಒಂದು ಮಾತಿದೆ, ಇಬ್ಬರಿಗೂ ಒಟ್ಟಿಗೇ ಹೇಳುತ್ತೇನೆ ಎಂದರು.

ಮೊದಲ ನಾಲ್ಕು ದಿನ ಹಂದಿಯ ಹೆಜ್ಜೆ ಕಂಡಿತೇ ಹೊರತು ಹಂದಿ ಕಾಣಲಿಲ್ಲ. ಐದನೆಯ ದಿನ ಬಿಸಿಲು ಇಳಿಯುವ ಹೊತ್ತಿಗೆ ಮರಗೆಣಸಿನ ಹೊಲದಂಚಿನ ಪೊದೆಯಲ್ಲಿ ಕಾಯುತ್ತಿದ್ದರು. ಇಪ್ಪತ್ತೈದು ಹೆಜ್ಜೆ ಆಚೆ ಬಳ್ಳಿ ಅಲುಗಿತು. ಬಗ್ಗಿದ ಕಪ್ಪು ಬೆನ್ನೊಂದು ನೆಲ ಕೆದಕುತ್ತಿತ್ತು, ಗೆಡ್ಡೆ ಮುರಿಯುವ ಸದ್ದೂ ಕೇಳಿಸಿತು. ಕೋವಿ ತಾನಾಗಿ ಎಡ ಭುಜಕ್ಕೆ ಏರಿತು. ಬಿಳಿ ಮಣಿ ಆ ಬೆನ್ನಿನ ಮೇಲೆ ಕೂತಿತು. ಬೆರಳು ಟ್ರಿಗರಿಗೆ ಹೋಗಬೇಕು, ಅಷ್ಟರಲ್ಲಿ ಉಂಗುರದ ಹೊರಗೆ, ಬಲಗಡೆ, ಎಲೆಗಳ ನಡುವೆ ಕೆಂಪು ಬಣ್ಣದ ಏನೋ ಒಂದು ಕಾಣಿಸಿತು.

"ಬುಟ್ಟಿಗೆ ಸುತ್ತಿದ ಕೆಂಪು ಬಟ್ಟೆ," ಎಂದರು ಹಮೂದ್. "ಪಕ್ಕದ ಹೊಲದ ಹೆಂಗಸು. ಕಪ್ಪು ಶಾಲು ಹೊದ್ದು ಗೆಣಸು ಕೀಳುತ್ತಿದ್ದಳು. ಅಲ್ಲಿ ಯಾರೂ ಇಲ್ಲವೆಂದು ನಮಗೆ ಹೇಳಿದ್ದರು."

ಅವರು ಕೋವಿ ಇಳಿಸಿ, ತೋಟೆಗಳನ್ನೆಲ್ಲ ತೆಗೆದು ಜೇಬಿಗೆ ಹಾಕಿಕೊಂಡು ನೆಲದಲ್ಲಿ ಕೂತರು. ಆ ಹೆಂಗಸು ಬುಟ್ಟಿ ಹೊತ್ತು ಹಾಡಿಕೊಳ್ಳುತ್ತಾ ಪಕ್ಕದಲ್ಲೇ ಹಾದುಹೋದಳು, ಇವರನ್ನು ನೋಡಿ ಸಲಾಂ ಹೇಳಿದಳು. ಮರುದಿನದಿಂದ ಹಮೂದರು ಹಟ ಹಿಡಿದು, ಸುತ್ತಲಿನ ಪ್ರತಿ ಮನೆಗೂ ಹೋಗಿ ಹೇಳಿಬರುವವರೆಗೆ ಯಾರೂ ಕೋವಿ ಮುಟ್ಟಬಾರದೆಂದು ನಿಯಮ ಮಾಡಿದರು. ಆಮೇಲಿನ ಮೂರು ವಾರಗಳಲ್ಲಿ ಎರಡು ಹಂದಿ ಹೊಡೆದರು. ಹತ್ತಿರದಿಂದ, ಒಂದೊಂದಕ್ಕೆ ಒಂದೊಂದೇ ತೋಟೆ. ಉಳಿದ ಹಿಂಡು ಹೊಳೆಯಾಚೆ ಹೋಯಿತು. ಅದರ ಬಗ್ಗೆ ಅವರು ಅಷ್ಟೇ ಹೇಳಿದರು.

ಪ್ರಿನ್ಸಿ ಕೈಯಲ್ಲಿದ್ದ ಲವಂಗದ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಆ ಉಂಗುರದ ಅಳತೆಯನ್ನು ಅವಳೇ ಆರಿಸಿದ್ದು, ಎರಡೂ ಕಣ್ಣು ತೆರೆದಿಡಲು ಅವಳೇ ಹೇಳಿದ್ದು. ಆದರೆ ಅಲ್ಲಿಗೆ ಹೋಗುವ ಹಾಗೆ ಮಾಡಿದ್ದೂ ಅವಳೇ. ಎರಡರಲ್ಲಿ ಯಾವುದು ದೊಡ್ಡದೆಂದು ಅವಳಿಗೆ ತಿಳಿಯಲಿಲ್ಲ. ಶಂಸಾ ಏನು ಹೇಳುತ್ತಾಳೋ ಎಂದು ಕಾದಳು.

ಶಂಸಾ ತಂದೆಯ ಕೈ ಹಿಡಿದುಕೊಂಡಳು. ಆಮೇಲೆ ಪ್ರಿನ್ಸಿಯ ಕಡೆ ತಿರುಗಿದಳು.

"ನೀವು ಸುಳ್ಳು ಹೇಳಿದ್ದರೆ ಇವರು ಹೋಗುತ್ತಿರಲಿಲ್ಲ ಅಂದುಕೊಂಡಿದ್ದೆ," ಎಂದಳು. "ಇವರನ್ನು ನಾನು ಬಲ್ಲೆ. ಹೋಗಿಯೇ ಹೋಗುತ್ತಿದ್ದರು. ಆ ದುರ್ಬೀನು ಕಟ್ಟಿಕೊಂಡು, ಆ ಕೆಟ್ಟ ಕಣ್ಣಿನಲ್ಲಿ."

ಹಮೂದರು ಅದನ್ನು ಅಲ್ಲಗಳೆಯಲಿಲ್ಲ. ಗೋಡೆಯ ಅಕ್ಷರಗಳ ಪಟ್ಟಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಇರ್ಫಾನಾ ಕೌಂಟರಿನ ಹಿಂದೆ ಮುಖ ಮರೆಮಾಡಿಕೊಂಡು ನಕ್ಕಳು.

ಪೊರೆ ತೆಗೆಸಲು ಅವರು ಒಪ್ಪಿದ್ದು ಅವತ್ತೇ. ಆಸ್ಪತ್ರೆಯಲ್ಲಿ ಅಕ್ಟೋಬರಿನ ಒಂದು ಮಂಗಳವಾರ ಸಿಕ್ಕಿತು. ಅಳಿಯ ಸಲಾಲಾದಲ್ಲಿ ಕೆಲಸದ ಮೇಲಿದ್ದ. ಜೊತೆಗೆ ಬರುತ್ತೀರಾ ಎಂದು ಶಂಸಾ ಫೋನಿನಲ್ಲಿ ಕೇಳಿದಳು, ಬಹಳ ಸಲೀಸಾಗಿ, ಮಧ್ಯೆ ಏನೂ ನಡೆದಿಲ್ಲವೆಂಬ ಹಾಗೆ. ಪ್ರಿನ್ಸಿ ರಜೆ ಹಾಕಿದಳು.

ಕಾಯುವ ಕೋಣೆಯಲ್ಲಿ ಇಬ್ಬರೂ ಪಕ್ಕಪಕ್ಕ ಕುಳಿತರು. ಶಂಸಾ ಫ್ಲಾಸ್ಕಿನಲ್ಲಿ ಏಲಕ್ಕಿ ಹಾಕಿದ ಅರಬ್ಬಿ ಕಾಫಿ ಕಾವಾ, ಡಬ್ಬಿಯಲ್ಲಿ ಖರ್ಜೂರ ತಂದಿದ್ದಳು. ಒಳಗೆ ಹೋದ ಹಮೂದರು ನರ್ಸಿನ ಜೊತೆ ಏನೋ ವಾದ ಮಾಡುತ್ತಿರುವುದು ಬಾಗಿಲು ತೆರೆದಾಗಲೆಲ್ಲ ಕೇಳಿಸುತ್ತಿತ್ತು. ಕೇರಳದ ಆ ನರ್ಸು ಅವರಿಗಿಂತ ಜೋರಾಗಿ ಉತ್ತರಿಸುತ್ತಿದ್ದಳು. ಶಂಸಾ ಮಕ್ಕಳ ಶಾಲೆಯ ಸುದ್ದಿ ಹೇಳಿದಳು, ಪ್ರಿನ್ಸಿ ಫ್ರೆಡ್ಡಿಯ ಅಡುಗೆಯ ಸುದ್ದಿ ಹೇಳಿದಳು. ಶಂಸಾಳಿಗೆ ಮೀನು ಸಾರಿಗೆ ಹುಣಸೆ ಹಾಕುವುದು ಗೊತ್ತಿತ್ತು, ಕೊತ್ತಂಬರಿ ಬೀಜ ಹುರಿದು ಹಾಕುವುದು ಗೊತ್ತಿರಲಿಲ್ಲ. ಅದನ್ನು ಮೊಬೈಲಿನಲ್ಲಿ ಬರೆದುಕೊಂಡಳು. ಬರೆದದ್ದನ್ನು ಓದಿ ನೋಡಲು ಮೊಬೈಲನ್ನು ಕೈಯಳತೆ ದೂರ ಹಿಡಿದು, ಹುಬ್ಬು ಗಂಟಿಕ್ಕಿ, ಇನ್ನೂ ಸ್ವಲ್ಪ ದೂರ ಹಿಡಿದಳು.

ಪ್ರಿನ್ಸಿ ಅದನ್ನು ನೋಡಿದಳು. ನಲವತ್ತೆರಡು ನಲವತ್ತಮೂರು ಇರಬಹುದು, ಓದುವ ಕನ್ನಡಕಕ್ಕೆ ಸರಿಯಾದ ವಯಸ್ಸೇ. ಇವತ್ತು ಬೇಡ, ಮುಂದಿನ ವಾರ ಹೇಳಿದರಾಯಿತು ಎಂದುಕೊಂಡು ತನ್ನ ಸಣ್ಣ ಬಟ್ಟಲನ್ನು ಫ್ಲಾಸ್ಕಿನ ಕಡೆಗೆ ಚಾಚಿದಳು. ಶಂಸಾ ಮೊಬೈಲು ಕೆಳಗಿಟ್ಟು ಅದನ್ನು ತುಂಬಿಸಿದಳು.